ಅರ್ಧ ಸೇತುವೆ

ಯಾವ ಊರಿಗೆ ಹೋದರೂ ಸೇತುವೆಯ ನಟ್ಟನಡುವೆ ನಿಂತುಬಿಡುವ ಚಟವೊಂದು ನನಗಿದೆ. ಬಸ್ಸಿನಲ್ಲಿದ್ದರೆ ಬೇರೆ ಮಾತು; ಸ್ವಲ್ಪ ನಿಲ್ಲಿಸಿ ಎಂದು ಡ್ರೈವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. ನಡೆದು ಹೋಗುವಾಗ ಮಾತ್ರ ಕಾಲು ತಾನಾಗಿಯೇ ನಿಲ್ಲುತ್ತದೆ. ಜೊತೆಯಲ್ಲಿದ್ದವರು ಆಚೆ ತುದಿ ಮುಟ್ಟಿ, ಹಿಂದಿರುಗಿ ನೋಡಿ, ‘ಏನಾಯ್ತು, ತಲೆ ಸುತ್ತಾ?’ ಎಂದು ಕೂಗುತ್ತಾರೆ. ಶ್ರೀರಂಗಪಟ್ಟಣದಲ್ಲಿ ನನ್ನ ಯಜಮಾನರು ಹಾಗೆ ಕೂಗಿದಾಗ ಪಕ್ಕದಲ್ಲಿ ಗಾಳ ಹಾಕಿಕೊಂಡು ಕೂತಿದ್ದವನೊಬ್ಬ ಓಡಿ ಬಂದು ನನ್ನ ರಟ್ಟೆ ಹಿಡಿದುಕೊಂಡ. ನಾನು ಹಾರಿಕೊಳ್ಳಲು ನಿಂತಿದ್ದೇನೆಂದು ಅವನ ಎಣಿಕೆ. ‘ಏನೂ ಇಲ್ಲಪ್ಪ, ಸುಮ್ನೆ ನೋಡ್ತಿದೀನಿ’ ಎಂದರೂ ಅವನಿಗೆ ನಂಬಿಕೆ ಬರಲಿಲ್ಲ. ದಡ ಮುಟ್ಟಿಸಿ, ನಮ್ಮ ಯಜಮಾನರಿಗೆ ನನ್ನನ್ನು ಒಪ್ಪಿಸಿ, ‘ಮನೇಲಿ ಜಗಳ ಆಡಬೇಡಿ ಸ್ವಾಮಿ’ ಎಂದು ಬುದ್ಧಿ ಹೇಳಿ ಹೋದ.

ಈ ಚಟ ಹತ್ತಿದ್ದು ಕಾವೇರಿಯ ಮೇಲಲ್ಲ, ತುಂಗೆಯ ಮೇಲೂ ಅಲ್ಲ, ಬೆಂಗಳೂರಿನಲ್ಲಿ. ಬೆಂಗಳೂರಿನಲ್ಲಿ ನದಿ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಕೇಳಿ, ಪರವಾಗಿಲ್ಲ. ನಮ್ಮಪ್ಪನ ಎದುರಿಗೆ ಮಾತ್ರ ಕೇಳಬಾರದಿತ್ತು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್ಸಿಯರ್ ಆಗಿದ್ದರು. ಸೇತುವೆಗಳ ತಪಾಸಣೆ ಅವರ ಕೆಲಸ, ಸೇತುವೆಗಳ ಮೇಲಿನ ಪ್ರೀತಿ ಅವರ ಕಾಯಿಲೆ. ಬೆಂಗಳೂರಿಗೆ ನದಿಯಿಲ್ಲ ಎಂದು ಯಾರಾದರೂ ಅಂದರೆ ಅವರ ಮೂಗಿನ ಹೊಳ್ಳೆ ಅರಳುತ್ತಿತ್ತು. ‘ವೃಷಭಾವತಿ ಏನು ಹಾಗಾದ್ರೆ? ಬಸವನಗುಡಿ ಬಸವಣ್ಣನ ಪಾದದಲ್ಲಿ ಹುಟ್ಟಿ, ಅರ್ಕಾವತಿಗೆ ಸೇರಿ, ಅಲ್ಲಿಂದ ಕಾವೇರಿಗೆ ಹೋಗಿ, ಸಮುದ್ರ ಮುಟ್ಟೋದು ನದಿ ಅಲ್ದೆ ಮತ್ತೇನ್ರಿ?’ ಎಂದು ಶುರುಮಾಡಿದರೆ ಎದುರಿಗಿದ್ದವರ ಕಾಫಿ ಆರಿ ತಣ್ಣಗಾಗುತ್ತಿತ್ತು.

ಅಪ್ಪನ ಮಾತು ನಂಬಿ ನಾನು ಕೆಟ್ಟಿದ್ದುಂಟು. ಪ್ರೈಮರಿ ಶಾಲೆಯಲ್ಲಿ ನದೀತೀರದ ಪಟ್ಟಣಗಳನ್ನು ಬರೆಯಿರಿ ಎಂದಾಗ ನಾನು ಮೊದಲಿಗೇ ಬೆಂಗಳೂರು ಎಂದು ಬರೆದೆ. ಟೀಚರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ, ‘ಯಾವ ನದಿ ತಾಯಿ ನಿಮ್ಮನೆ ಹತ್ರ ಹರಿಯೋದು?’ ಎಂದರು. ವೃಷಭಾವತಿ ಎಂದೆ. ಮೈಸೂರು ರಸ್ತೆ ಕಡೆಯಿಂದ ಬರುತ್ತಿದ್ದ ಹುಡುಗಿಯರೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಂಡರು. ಆ ವರ್ಷವಿಡೀ ನನಗೆ ಮೋರಿ ಸುಮಾ ಎಂದೇ ಹೆಸರು. ಮನೆಗೆ ಬಂದು ಅತ್ತಾಗ ಅಪ್ಪ ಸಮಾಧಾನ ಹೇಳುವ ಬದಲು, ‘ಮೂಗು ಮುಚ್ಕೊಂಡ್ರೆ ನದಿ ಹೋಗಿಬಿಡುತ್ತೇನೇ?’ ಎಂದರು.

ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ಮೂಗಿಗೂ ಅದರದೇ ಸತ್ಯವಿರುತ್ತದೆ. ಊರಿನ ಕೊಳೆಯೆಲ್ಲ ಸೇರಿ, ನಾನು ಕಣ್ಣು ಬಿಡುವ ಹೊತ್ತಿಗೆ ವೃಷಭಾವತಿ ಕಪ್ಪಗೆ, ನೊರೆ ಕಟ್ಟಿಕೊಂಡು, ಒಂದೊಂದು ದಿನ ಒಂದೊಂದು ವಾಸನೆ ಹೊತ್ತು ಹರಿಯುತ್ತಿದ್ದಳು. ಜೋರು ಮಳೆ ಬಂದ ಮಾರನೆಯ ದಿನ ಮಾತ್ರ ಕೆಂಪು ನೀರು ತುಂಬಿ, ಹೌದಲ್ಲ, ಇದು ನದಿಯೇ, ಎನ್ನಿಸುತ್ತಿತ್ತು. ಅಂಥ ದಿನ ಅಪ್ಪ ರಜೆ ಹಾಕಿಯಾದರೂ ಹೋಗಿ ನೋಡಿ ಬರುತ್ತಿದ್ದರು.

ಚಾಮರಾಜಪೇಟೆಯ ಬೇರೆ ಮಕ್ಕಳನ್ನು ಅವರವರ ಅಪ್ಪಂದಿರು ಭಾನುವಾರ ಲಾಲ್‌ಬಾಗಿಗೆ ಕರೆದೊಯ್ದರೆ ನಮ್ಮಪ್ಪ ನನ್ನನ್ನು ಮೈಸೂರು ರಸ್ತೆಯ ಸೇತುವೆಗೆ ಕರೆದೊಯ್ಯುತ್ತಿದ್ದರು. ಅಮ್ಮ ನನ್ನ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿ ಕಳಿಸುತ್ತಿದ್ದಳು. ಈಗಲೂ ನೀಲಗಿರಿ ವಾಸನೆ ಬಂದರೆ ಬೇರೆಯವರಿಗೆ ನೆಗಡಿ ನೆನಪಾಗುತ್ತದೆ, ನನಗೆ ಕಲ್ಲಿನ ಕಮಾನುಗಳು ನೆನಪಾಗುತ್ತವೆ.

ಆ ಸೇತುವೆಯನ್ನು ನೀವು ಈಗ ಹುಡುಕಿಕೊಂಡು ಹೋಗಬೇಡಿ. ಮೇಲೆ ಕಾಂಕ್ರೀಟು, ಅದರ ಮೇಲೆ ಡಾಂಬರು ಬಿದ್ದು, ಅಗಲವಾಗಿ, ಇನ್ನೂ ಅಗಲವಾಗಿ, ತಾನೊಂದು ಸೇತುವೆ ಎಂಬುದನ್ನೇ ಅದು ಮರೆತಿದೆ. ಆಗ ಅದು ನಾಲ್ಕು ಕಮಾನುಗಳ ಕಲ್ಲಿನ ಸೇತುವೆ. ಅದಕ್ಕೂ ಮೊದಲು ಅಲ್ಲಿ ಚಪ್ಪಡಿ ಹಾಸಿದ ಹಾದಿ ಮಾತ್ರ ಇತ್ತಂತೆ. ಮೈಸೂರು ಕಡೆಯಿಂದ ಬೆಲ್ಲ, ಭತ್ತ ಹೇರಿಕೊಂಡು ಬಂದ ಗಾಡಿಗಳು ನೀರಿಗಿಳಿದು ದಾಟಬೇಕಿತ್ತು. ಮಳೆಗಾಲದಲ್ಲಿ ನೀರು ಇಳಿಯುವ ತನಕ ಗಾಡಿಗಳು ದಡದಲ್ಲೇ ಬಿಡಾರ ಹೂಡಿ, ಗಾಡಿಯವರು ಅಲ್ಲೇ ಮುದ್ದೆ ಬೇಯಿಸಿಕೊಂಡು, ಒಮ್ಮೊಮ್ಮೆ ಅಲ್ಲೇ ನೆಂಟಸ್ತನವನ್ನೂ ಮಾತಾಡಿ ಮುಗಿಸುತ್ತಿದ್ದರಂತೆ. ಆಮೇಲೆ ರಾಜರ ಕಾಲದಲ್ಲಿ ಸೇತುವೆ ಬಂತು. ಯಾವ ರಾಜರು, ಯಾವ ಇಸವಿ ಎಂದು ಅಪ್ಪ ಹೇಳುತ್ತಿದ್ದರು. ನನಗೆ ಆಗಲೂ ತಲೆಗೆ ಹೋಗಲಿಲ್ಲ, ಈಗಂತೂ ಕೇಳಲು ಅಪ್ಪನಿಲ್ಲ.

ಕಮಾನುಗಳನ್ನು ಸಾಮಾನ್ಯವಾಗಿ ಬೆಸ ಸಂಖ್ಯೆಯಲ್ಲಿ ಕಟ್ಟುತ್ತಾರಂತೆ, ಹೊಳೆಯ ನಡುಮಧ್ಯಕ್ಕೆ ಕಂಬ ಬರಬಾರದೆಂದು. ಇಲ್ಲಿ ಮಾತ್ರ ಹೊಳೆಯ ನಡುವೆಯೇ ಗಟ್ಟಿ ಬಂಡೆ ಸಿಕ್ಕಿದ್ದರಿಂದ ಅದರ ಮೇಲೆಯೇ ಕಂಬ ಎಬ್ಬಿಸಿ, ಆಚೆಗೆರಡು ಈಚೆಗೆರಡು ಕಮಾನು ಹಾಕಿದರು. ನೀರು ಬರುವ ಕಡೆಗೂ ಹೋಗುವ ಕಡೆಗೂ ಪ್ರತಿ ಕಂಬಕ್ಕೂ ದೋಣಿಯ ಹಾಗೆ ಚೂಪು ಮೂತಿ. ಆ ಮೂತಿ ಹಾಗೇ ಮೇಲಕ್ಕೆ ಎದ್ದು ಬಂದು, ಸೇತುವೆಯ ಮೋಟುಗೋಡೆಯಲ್ಲಿ ಒಂದು ಪುಟ್ಟ ಗೂಡಾಗುತ್ತಿತ್ತು. ಎದುರಿಗೆ ಜೋಡೆತ್ತಿನ ಗಾಡಿ ಬಂದರೆ ನಡೆದುಹೋಗುವವರು ಸರಿದು ನಿಲ್ಲಲಿ ಎಂದು ಹಿಂದಿನವರು ಮಾಡಿದ ಉಪಾಯ. ಬಸ್ಸುಗಳಿಗಾಗಿ ಸೇತುವೆಯನ್ನು ಒಂದು ಮಗ್ಗುಲಿಗೆ ಅಗಲ ಮಾಡಿದಾಗ ಆ ಕಡೆಯ ಗೂಡುಗಳು ಹೋದವು. ಇನ್ನೊಂದು ಕಡೆಯ ಮೂರು ಗೂಡುಗಳು ಉಳಿದುಕೊಂಡವು. ಮೊದಲನೆಯದರಲ್ಲಿ ಕಡಲೆಕಾಯಿ ಮಾರುವವಳು, ಕೊನೆಯದರಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವವನು. ನಡುವಿನದು ಖಾಲಿ, ಏಕೆಂದರೆ ವಾಸನೆ ಅಲ್ಲಿಯೇ ಹೆಚ್ಚು.

ನಾನು ಕಾಲೇಜಿಗೆ ಸೇರಿದ ವರ್ಷ ನಮ್ಮ ಚಿಕ್ಕಪ್ಪನ ಮದುವೆಯಾಗಿ ಶಾಂತಾ ಚಿಕ್ಕಮ್ಮ ಮನೆಗೆ ಬಂದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನಗಿಂತ ಐದಾರು ವರ್ಷವಷ್ಟೇ ದೊಡ್ಡವಳು, ಹಾಗಾಗಿ ಏಕವಚನದ ಸಲಿಗೆ. ಚಿಕ್ಕಪ್ಪನಿಗೆ ಮದುವೆಯಾದ ಕೆಲವೇ ತಿಂಗಳಲ್ಲಿ ಹಾಸನಕ್ಕೆ ವರ್ಗವಾಯಿತು. ಮನೆ ಸಿಕ್ಕಿದ ಮೇಲೆ ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋದವನು ತಿಂಗಳಿಗೊಮ್ಮೆ ಬಂದು, ಮನೆ ಸಿಗಲಿಲ್ಲವೆಂದು ಹೇಳಿ ಹೋಗುತ್ತಿದ್ದ. ಚಿಕ್ಕಮ್ಮ ಅದಕ್ಕೆಲ್ಲ ಗೊಣಗುವವಳಲ್ಲ. ಅವಳ ಚಿಂತೆಯೆಲ್ಲ ಸೇತುವೆಯ ಆಚೆಗಿತ್ತು.

ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಅವಳ ತವರುಮನೆ. ತಾಯಿ ಇರಲಿಲ್ಲ. ತಂದೆ ರಾಮಣ್ಣನವರು ಬಟ್ಟೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಹತ್ತಿಯ ಧೂಳು ಕುಡಿದೂ ಕುಡಿದೂ ಅವರ ಎದೆಯಲ್ಲಿ ಉಬ್ಬಸ ಮನೆ ಮಾಡಿಕೊಂಡಿತ್ತು. ಮಗ ನಾಗರಾಜನೂ ಅದೇ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ. ಶುಕ್ರವಾರ ಶುಕ್ರವಾರ ಚಿಕ್ಕಮ್ಮ ತವರಿಗೆ ಹೋಗಿ, ಅಪ್ಪನ ಪಂಚೆ ಒಗೆದು, ಒಂದು ವಾರಕ್ಕಾಗುವಷ್ಟು ಸಾರಿನ ಪುಡಿ ಚಟ್ನಿಪುಡಿ ಮಾಡಿಟ್ಟು, ಸಂಜೆಗೆ ಹಿಂದಿರುಗುತ್ತಿದ್ದಳು. ಅವಳು ಬಸುರಿಯಾದ ಮೇಲೂ ಇದು ನಡೆದುಕೊಂಡೇ ಬಂತು. ಬಾಣಂತನ ಮಾಡಲು ತವರಿನಲ್ಲಿ ಹೆಣ್ಣುದಿಕ್ಕಿಲ್ಲ, ಆದ್ದರಿಂದ ಹೆರಿಗೆ ನಮ್ಮ ಮನೆಯಲ್ಲೇ ಆಗಲಿ ಎಂದು ಅಜ್ಜಿ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಅವರು ಹಾಕಿದ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ.

ಎಲ್ಲವೂ ಸರಿಯಾಗಿಯೇ ಇತ್ತು. ಕೆಡಿಸಿದ್ದು ನಮ್ಮಪ್ಪ.

ಅವತ್ತು ಪತ್ರಿಕೆಯಲ್ಲಿ ಯಾರೋ ವೃಷಭಾವತಿಯನ್ನು ಮೋರಿ ಎಂದು ಬರೆದಿದ್ದರು. ಅಪ್ಪ ಊಟಕ್ಕೆ ಕೂತವರೇ ಅನ್ನಕ್ಕೆ ಕೈಯಿಡದೆ ಶುರುಮಾಡಿದರು. ಹುಟ್ಟು, ಹರಿವು, ಸಂಗಮ, ಹಳೆಯ ಶಾಸನ, ಎಲ್ಲ ಬಂತು. ನಾವೆಲ್ಲ ನೂರೆಂಟು ಸಲ ಕೇಳಿದ್ದರಿಂದ ತಲೆಯಾಡಿಸುತ್ತ ಉಣ್ಣುತ್ತಿದ್ದೆವು. ಬಡಿಸುತ್ತಿದ್ದ ಅಜ್ಜಿ ಮಾತ್ರ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದರು.

‘ಹಾಗಾದ್ರೆ ಅದು ನಿಜವಾಗ್ಲೂ ನದೀನೇನೋ?’

ಇಷ್ಟು ವರ್ಷಗಳಲ್ಲಿ ಮನೆಯವರೊಬ್ಬರು ತಾವಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ಅಪ್ಪನ ಮುಖ ಊರಗಲವಾಯಿತು. ‘ನದೀನೇ ಅಮ್ಮ, ಅನುಮಾನಾನೇ ಬೇಡ. ಕಾವೇರಿಗೆ ಎಷ್ಟು ಹಕ್ಕಿದ್ಯೋ ಇದಕ್ಕೂ ಅಷ್ಟೇ ಹಕ್ಕಿದೆ.’

‘ಪುಣ್ಯಕ್ಷೇತ್ರದಲ್ಲಿ ಹುಟ್ಟಿದ್ದು ಅಂತೀಯ.’

‘ಸಾಕ್ಷಾತ್ ಬಸವಣ್ಣನ ಪಾದದಲ್ಲಿ!’

‘ಹಾಗಾದ್ರೆ ಶಾಂತಾ ಇನ್ಮೇಲೆ ಅದನ್ನ ದಾಟೋ ಹಾಗಿಲ್ಲ,’ ಎಂದರು ಅಜ್ಜಿ. ‘ಬಸುರಿ ಹೆಂಗಸು ನದಿ ದಾಟಬಾರ್ದು. ಇಷ್ಟು ದಿನ ಮೋರಿ ಅಂದ್ಕೊಂಡು ಕಳಿಸ್ತಿದ್ದೆ, ದೇವರು ದೊಡ್ಡೋನು, ಏನೂ ಆಗ್ಲಿಲ್ಲ.’ ಎಂದು ಹೇಳಿ ಎಲ್ಲರಿಗೂ ಇನ್ನೊಂದು ಸುತ್ತು ಸಾರು ಬಡಿಸಿದರು.

ಚಿಕ್ಕಮ್ಮ ತಟ್ಟೆಯ ಮೇಲೆ ಬಗ್ಗಿದವಳು ತಲೆಯೆತ್ತಲಿಲ್ಲ. ಅದು ಅಂಥ ನದಿಯೇನಲ್ಲ ಎನ್ನಲು ಅಪ್ಪನಿಗೆ ನಾಲಿಗೆ ಹೊರಳಲಿಲ್ಲ. ಇನ್ನೊಬ್ಬರು ಮೋರಿ ಎಂದಾಗ ಇಪ್ಪತ್ತು ವರ್ಷ ಜಗಳವಾಡಿದವರು ಒಂದು ಊಟದ ಹೊತ್ತಿಗೆ ಮಾತು ಬದಲಿಸುವುದು ಹೇಗೆ? ಅಮ್ಮ ಅವರನ್ನು ನೋಡಿದ ನೋಟ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ರಾಮಣ್ಣನವರೇ ನಮ್ಮ ಮನೆಗೆ ಬರಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ಅಲ್ಲೊಂದು ಗೆರೆ ಇತ್ತು. ಮಗಳಿಗೆ ಮಗುವಾಗುವ ತನಕ ಮಗಳ ಮನೆಯ ಹೊಸಿಲು ತುಳಿಯುವುದಿಲ್ಲ, ಅಲ್ಲಿಯ ಅನ್ನ ಮುಟ್ಟುವುದಿಲ್ಲ ಎಂಬುದು ಅವರ ಮನೆತನದ ಪದ್ಧತಿ. ಧಾರೆಯೆರೆದು ಕೊಟ್ಟ ಮೇಲೆ ಕೊಟ್ಟವರು ಅಲ್ಲಿ ಉಣ್ಣಬಾರದಂತೆ. ಹಾಗೆಂದು ಅವರು ಕಠಿಣರೇನಲ್ಲ, ಬಲು ಮೆತ್ತನೆಯ ಮನುಷ್ಯ. ಆದರೆ ಮೆತ್ತನೆಯವರ ಹಟ ಬಿಡಿಸುವುದು ಕಷ್ಟ. ಹೀಗೆ ಆ ದಡದಲ್ಲಿ ಅಪ್ಪ, ಈ ದಡದಲ್ಲಿ ಮಗಳು. ಶುಕ್ರವಾರ ಬಂದರೆ ಚಿಕ್ಕಮ್ಮ ಬೆಳಗಿನಿಂದಲೇ ಹೊಸಿಲು, ಹಿತ್ತಿಲು ಎಂದು ಓಡಾಡುತ್ತ, ಆದ ಕೆಲಸವನ್ನೇ ಮತ್ತೆ ಮಾಡುತ್ತಿದ್ದಳು. ‘ಉಬ್ಬಸದೋರು ಚಳಿಗಾಲ ಕಳೆಯೋದೇ ದೊಡ್ಡದು ಸುಮಾ. ನೋಡ್ದೇ ಇರೋಕೆ ಭಯ ಆಗುತ್ತೆ,’ ಎಂದು ನನ್ನ ಹತ್ತಿರ ಒಮ್ಮೆ ಹೇಳಿದಳು. ಒಮ್ಮೆ ಮಾತ್ರ.

ಅಪ್ಪ ತಮ್ಮ ತಪ್ಪಿಗೆ ತಾವೇ ಪರಿಹಾರ ಹುಡುಕಲು ಹೊರಟರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ನದಿಯನ್ನು ಬರೆದು, ನದಿಗೆ ಹುಟ್ಟು ಎಂಬುದೊಂದು ಇದ್ದೇ ಇರುತ್ತದೆ, ಹುಟ್ಟಿನ ಹಿಂದಿನಿಂದ ಸುತ್ತಿಕೊಂಡು ಹೋದರೆ ದಾಟಿದಂತಾಗುವುದಿಲ್ಲ ಎಂದು ವಾದಿಸಿದರು. ಬಸವನಗುಡಿಯ ದೇವಸ್ಥಾನದ ಹಿಂಭಾಗದಿಂದ, ಬಸವಣ್ಣನ ಬಾಲದ ಕಡೆಯಿಂದ, ಹನುಮಂತನಗರ ಹಾದು, ಶ್ರೀನಗರ ಇಳಿದು ಆ ದಡ ಸೇರುವುದು. ಅಜ್ಜಿ ಚಿತ್ರವನ್ನು ಚೆನ್ನಾಗಿ ನೋಡಿ, ‘ಅಷ್ಟು ದೂರ ಆಟೋದಲ್ಲಿ ಕುಲುಕಿಸ್ಕೊಂಡು ಹೋದ್ರೆ ದಾರೀಲೇ ಹೆರಿಗೆ ಆಗುತ್ತೆ. ಒರೆಸು ಇದನ್ನ, ಯಾರಾದ್ರೂ ತುಳಿದಾರು,’ ಎಂದರು. ಸೀಮೆಸುಣ್ಣದ ನದಿಯನ್ನೂ ತುಳಿಯಬಾರದು ಎಂಬಷ್ಟು ದೂರ ಅವರ ಭಕ್ತಿ ಬೆಳೆದುಬಿಟ್ಟಿತ್ತು.

ದಾರಿ ತೋರಿಸಿದವಳು ಕೊನೆಗೆ ಚಿಕ್ಕಮ್ಮನೇ. ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವಳು ಯಾವ ಪೀಠಿಕೆಯೂ ಇಲ್ಲದೆ ಕೇಳಿದಳು.

‘ಅತ್ತೆ, ಅರ್ಧ ಹೋಗಿ ವಾಪಸ್ ಬಂದ್ರೆ ದಾಟಿದ ಹಾಗಾ?’

ಅಜ್ಜಿ ಯೋಚಿಸಿದರು. ಬೇಗ ಉತ್ತರ ಕೊಡುವ ಪ್ರಶ್ನೆ ಅದಾಗಿರಲಿಲ್ಲ. ‘ದಾಟೋದು ಅಂದ್ರೆ ಈ ದಡ ಬಿಟ್ಟು ಆ ದಡ ಮುಟ್ಟೋದು. ಅರ್ಧಕ್ಕೆ ನಮ್ಮ ಕಾಲದಲ್ಲಿ ಯಾರೂ ಏನೂ ಹೇಳಿಲ್ಲ,’ ಎಂದರು. ‘ಹರಿಗೋಲಲ್ಲಿ ಕೂತ್ಕೊಂಡು ಯಾರು ಅರ್ಧದಿಂದ ವಾಪಸ್ ಬರ್ತಿದ್ರು?’

‘ನಡು ಕಂಬದ ಮೇಲೇ ಒಂದು ಗೂಡಿದೆ ಅಮ್ಮ!’ ಎಂದು ಅಪ್ಪ ಮಧ್ಯೆ ಹಾರಿ ಬಂದರು. ‘ಅಳೆದು ಇಟ್ಟ ಹಾಗೆ ನಟ್ಟನಡುವೆ. ಬೇರೆ ಸೇತುವೆ ಆಗಿದ್ರೆ ಸಿಕ್ತಿರ್ಲಿಲ್ಲ. ನಾಲ್ಕು ಕಮಾನು ಆಗಿದ್ದಕ್ಕೇ...’

‘ಗೊತ್ತು, ಬಂಡೆ ಸಿಕ್ತು,’ ಎಂದೆವು ನಾವೆಲ್ಲ ಒಟ್ಟಿಗೆ.

ಹೀಗೆ ಆ ಖಾಲಿ ಗೂಡಿಗೆ ಶುಕ್ರವಾರದ ಬಾಡಿಗೆದಾರರು ಬಂದರು. ಕಾಲೇಜು ಮುಗಿಸಿ ಬಂದ ನಾನು ಚಿಕ್ಕಮ್ಮನನ್ನು ಸಿಟಿ ಬಸ್ಸಿನಲ್ಲಿ ಸೇತುವೆಯ ಈಚೆ ಇಳಿಸಿಕೊಂಡು, ನಡೆಸಿಕೊಂಡು ಹೋಗುವುದು. ಆ ಕಡೆಯಿಂದ ರಾಮಣ್ಣನವರು ಕೊಡೆಯೂರಿಕೊಂಡು, ನಿಂತು ನಿಂತು ಉಸಿರು ತೆಗೆದುಕೊಂಡು ಬರುವುದು. ಗೂಡಿನ ನೆಲಕ್ಕೆ ಹಾಸಿದ್ದ ಎರಡು ಚಪ್ಪಡಿಗಳ ನಡುವಿನ ಸಂದನ್ನು ಅಪ್ಪ ಗಡಿಯೆಂದು ನಿಗದಿ ಮಾಡಿದ್ದರು. ಈಚೆ ಕಲ್ಲಿನ ಮೇಲೆ ಮಗಳು, ಆಚೆ ಕಲ್ಲಿನ ಮೇಲೆ ಅಪ್ಪ. ನಾನು ಹೊರಗೆ ನಿಂತು, ಬರುವ ಹೋಗುವ ಬಸ್ಸುಗಳಿಂದ ಯಾರಾದರೂ ಕಾಲೇಜಿನವರು ನನ್ನನ್ನು ನೋಡಿಬಿಡುತ್ತಾರೋ ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಒಬ್ಬ ಹುಡುಗ ನಿಜಕ್ಕೂ ನೋಡಿದ. ಮಾರನೆಯ ದಿನ, ‘ನೀವು ಆ ವಾಸನೇಲಿ ಯಾಕೆ ನಿಂತಿದ್ರಿ?’ ಎಂದು ಕೇಳಿದ. ಗಾಳಿ ಸೇವನೆಗೆ ಎಂದೆ. ಅವನು ಮತ್ತೆ ಮಾತಾಡಿಸಲಿಲ್ಲ.

ಅಪ್ಪ ಮಗಳು ಏನು ಮಾತಾಡುತ್ತಿದ್ದರು ಎಂದರೆ ಏನೂ ಇಲ್ಲ. ಸೀಮೆಎಣ್ಣೆ ಸಿಕ್ಕಿತೇ, ನಾಗರಾಜನ ಪಾಳಿ ಯಾವುದು, ನಲ್ಲಿಯಲ್ಲಿ ನೀರು ಬಂತೇ. ಒಮ್ಮೊಮ್ಮೆ ಅವರು ಅಂಗಿಯ ಜೇಬಿನಿಂದ ಮಾವಿನಕಾಯಿ ತೆಗೆದು ಗಡಿಯಾಚೆಯಿಂದ ಕೊಡುತ್ತಿದ್ದರು. ಚಿಕ್ಕಮ್ಮ ತಿರುಗಿ ಏನಾದರೂ ಕೊಡುವಂತಿಲ್ಲ, ಮಗಳ ಮನೆಯ ಅನ್ನವಲ್ಲವೇ? ಅದಕ್ಕೂ ಅವಳು ಉಪಾಯ ಕಂಡುಕೊಂಡಿದ್ದಳು. ಔಷಧಿಗೆ ದೋಷವಿಲ್ಲವೆಂದು ಫ್ಲಾಸ್ಕಿನಲ್ಲಿ ಕಷಾಯ ತರುತ್ತಿದ್ದಳು. ಮೊದಲ ಸಲ ಅದು ನಿಜವಾಗಿಯೂ ಶುಂಠಿ ಮೆಣಸಿನ ಕಷಾಯ. ಎರಡನೆಯ ಸಲ ಅದಕ್ಕೆ ಹುರುಳಿಕಟ್ಟು ಸೇರಿತು. ಬರಬರುತ್ತ ತುಪ್ಪ ಬಿಟ್ಟ ದಪ್ಪ ರಾಗಿ ಗಂಜಿಯೇ ಕಷಾಯವಾಯಿತು. ರಾಮಣ್ಣನವರು ಕುಡಿದು, ಮೀಸೆ ಒರೆಸಿಕೊಂಡು, ‘ಔಷಧಿ ಚೆನ್ನಾಗಿದೆ ಮಗಳೇ. ಸ್ವಲ್ಪ ಉಪ್ಪು ಮುಂದು,’ ಎನ್ನುತ್ತಿದ್ದರು.

ದಿನ ತುಂಬುತ್ತ ಬಂದ ಹಾಗೆ ಚಿಕ್ಕಮ್ಮನ ನಡಿಗೆ ನಿಧಾನವಾಯಿತು. ಅತ್ತಲಿಂದ ಬರುವವರ ನಡಿಗೆ ಇನ್ನೂ ನಿಧಾನವಾಯಿತು. ಒಂದು ಶುಕ್ರವಾರ ಅಜ್ಜಿ, ‘ಈ ಸುಮಾ ದಿಕ್ಕು ನೋಡ್ಕೊಂಡು ನಿಂತಿರ್ತಾಳೆ. ಇವತ್ತು ನಾನೂ ಬರ್ತೀನಿ,’ ಎಂದು ಚಪ್ಪಲಿ ಮೆಟ್ಟಿದರು. ನಮ್ಮ ಮೇಲಿನ ಅಪನಂಬಿಕೆಯೋ, ಅರ್ಧ ಎಂದರೆ ಅರ್ಧವೇ ಹೌದೋ ಎಂದು ಕಣ್ಣಾರೆ ನೋಡುವ ಆಸೆಯೋ, ಹೇಳಲಾರೆ. ಗೂಡು ತಲುಪಿ, ಸೆರಗನ್ನು ಮೂಗಿಗೆ ಹಿಡಿದು, ಕೆಳಗಿನ ಕಪ್ಪು ನೀರಿಗೆ ಇನ್ನೊಂದು ಕೈಯಿಂದ ನಮಸ್ಕಾರ ಮಾಡಿದರು. ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ನಗಲಿಲ್ಲ. ಅವಳು ಆಚೆ ತುದಿಯನ್ನೇ ನೋಡುತ್ತಿದ್ದಳು.

ರಾಮಣ್ಣನವರು ಬಂದಿರಲಿಲ್ಲ.

ಬಸ್ಸುಗಳು ಹೋದವು. ಗಿರಣಿಯ ಪಾಳಿ ಬಿಟ್ಟು ಸೈಕಲ್ಲುಗಳು ಗುಂಪು ಗುಂಪಾಗಿ ಹೋದವು. ಕೊಡೆ ಹಿಡಿದ ಯಾರೋ ಬಂದಾಗಲೆಲ್ಲ ಚಿಕ್ಕಮ್ಮ ಒಂದು ಹೆಜ್ಜೆ ಮುಂದಿಟ್ಟು, ಗಡಿ ನೆನಪಾಗಿ ಹಿಂದಿಡುತ್ತಿದ್ದಳು. ಫ್ಲಾಸ್ಕನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಳು. ನಾನು ಹೋಗಿ ನೋಡಿಕೊಂಡು ಬರುತ್ತೇನೆಂದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ‘ಅವರು ತಪ್ಪಿಸ್ಕೊಳ್ಳೋರಲ್ಲ ಅತ್ತೆ. ಎದ್ದು ನಿಲ್ಲೋ ಹಾಗಿದ್ರೆ ಬಂದೇ ಬರ್ತಿದ್ರು,’ ಎಂದಳು.

ಅಜ್ಜಿ ಮೂಗಿನಿಂದ ಸೆರಗು ತೆಗೆದರು. ನನ್ನ ಕಡೆ ತಿರುಗಿ, ದಾರಿಯಲ್ಲಿ ಸಿಕ್ಕಿದವರಿಗೆ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದರು:

‘ನಿಮ್ಮಪ್ಪ ನನ್ನ ಹೊಟ್ಟೇಲಿದ್ದ. ನಮ್ಮಪ್ಪನಿಗೆ ಜೋರಾಗಿದೆ ಅಂತ ಆಳು ಬಂದ. ತವರೂರು ಹೊಳೆ ಆಚೆ. ಆಗ ಸೇತುವೆ ಇರ್ಲಿಲ್ಲ, ಹರಿಗೋಲು. ಬಸುರಿ ದಾಟಬಾರ್ದು ಅಂತ ನಮ್ಮತ್ತೆ ಕಳಿಸ್ಲಿಲ್ಲ. ದಡದಲ್ಲಿ ನಿಂತು ನೋಡ್ದೆ, ಆ ಕಡೆ ಹೊಗೆ ಎದ್ದಿದ್ದು ಕಾಣ್ತು.’

ಇಷ್ಟು ವರ್ಷ ಅವರ ಮಡಿಲಲ್ಲಿ ಮಲಗಿ ಕಥೆ ಕೇಳಿದ್ದೇನೆ, ಇದೊಂದನ್ನು ಕೇಳಿರಲಿಲ್ಲ. ಅಜ್ಜಿ ಚಿಕ್ಕಮ್ಮನ ಕೈಯಿಂದ ಫ್ಲಾಸ್ಕನ್ನು ತೆಗೆದು ನನಗೆ ಕೊಟ್ಟು, ಅವಳ ರಟ್ಟೆ ಹಿಡಿದು, ‘ನಡಿ,’ ಎಂದರು. ಚಿಕ್ಕಮ್ಮ ಗಾಬರಿಯಿಂದ, ‘ಅತ್ತೆ, ದಾಟಬಾರ್ದು...’ ಎಂದಳು. ‘ನಾನು ದಾಟಿಸ್ತಿದೀನಿ. ದೋಷ ಇದ್ರೆ ನಂಗಿರ್ಲಿ. ನಡಿ.’ ಇಬ್ಬರೂ ಸಂದಿನಾಚೆಯ ಕಲ್ಲಿನ ಮೇಲೆ ಕಾಲಿಟ್ಟು ಹೊರಟರು. ನಾನು ಫ್ಲಾಸ್ಕು ಹಿಡಿದು ಹಿಂದೆ ಓಡಿದೆ.

ರಾಮಣ್ಣನವರು ಸುತ್ತಿಟ್ಟ ಹಾಸಿಗೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎದೆ ಕೊಳಲಿನ ಹಾಗೆ ಸಿಳ್ಳೆ ಹಾಕುತ್ತಿತ್ತು. ನಾಗರಾಜ ಬೆಳಗಿನ ಪಾಳಿಗೆ ಹೋದವನು, ಇನ್ನೊಬ್ಬರು ಬಾರದ್ದರಿಂದ ಮುಂದಿನ ಪಾಳಿಗೂ ನಿಂತುಬಿಟ್ಟಿದ್ದ. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ. ಕೈಗೆಟುಕುವಲ್ಲಿ ಕೊಡೆ ಇತ್ತು. ಹೊರಡಲು ನೋಡಿದ್ದಾರೆ, ಆಗಿಲ್ಲ. ಬಾಗಿಲಲ್ಲಿ ಮಗಳನ್ನು ಕಂಡವರೇ ಸಂತೋಷಪಡುವ ಬದಲು ಸಿಟ್ಟಾದರು.

‘ದಾಟ್ಕೊಂಡು ಬಂದ್ಯಾ? ಬುದ್ಧಿ ಇದ್ಯಾ ನಿಂಗೆ?’

‘ಬೈಯೋದಿದ್ರೆ ನನ್ನ ಬೈರಿ ಬೀಗರೇ,’ ಎಂದು ಅಜ್ಜಿ ಒಳಗೆ ಬಂದು ಅವರ ಎದುರಿಗೇ ನೆಲದ ಮೇಲೆ ಕೂತರು. ‘ಉಸಿರು ಬಂದ್ಮೇಲೆ ಬೈರಿ. ಈಗ ಔಷಧಿ ಕುಡೀರಿ.’

ಚಿಕ್ಕಮ್ಮ ಅಪ್ಪನ ಬೆನ್ನು ನೀವುತ್ತ, ಗುಟುಕು ಗುಟುಕಾಗಿ ಗಂಜಿ ಕುಡಿಸಿದಳು. ಬೀದಿಯ ಕೊನೆಯಲ್ಲಿದ್ದ ಡಾಕ್ಟರನ್ನು ನಾನು ಕರೆತಂದೆ. 

ನಾವು ಹಿಂದಿರುಗದ್ದರಿಂದ ಗಾಬರಿಯಾಗಿ ಅಪ್ಪ ಆಟೋ ಮಾಡಿಕೊಂಡು ಹುಡುಕುತ್ತ ಬಂದಾಗ ದೀಪ ಹಚ್ಚುವ ಹೊತ್ತು. ಸೂಜಿಮದ್ದು ಹಿಡಿದು ರಾಮಣ್ಣನವರ ಎದೆಯ ಸಿಳ್ಳೆ ಸ್ವಲ್ಪ ತಗ್ಗಿತ್ತು. ಅಪ್ಪ ಅವರ ಯೋಗಕ್ಷೇಮ ಕೇಳಿ, ‘ಹೊತ್ತಾಯ್ತು, ಆಟೋ ನಿಂತಿದೆ, ಹೊರಡೋಣ. ಶಾಂತಾ, ಏಳಮ್ಮ,’ ಎಂದರು.

‘ಎಲ್ಲಿಗೆ ಹೊರಡೋದು?’ ಎಂದರು ಅಜ್ಜಿ.

‘ಮನೆಗೆ.’

‘ಮನೆಗೆ ಹೋಗ್ಬೇಕು ಅಂದ್ರೆ ಹೊಳೆ ದಾಟ್ಬೇಕು. ಬಸುರಿ ಹೊಳೆ ದಾಟಬಾರ್ದು.’

ಅಪ್ಪ ಕಣ್ಣುಕಣ್ಣು ಬಿಟ್ಟರು. ‘ಈಗ ತಾನೇ ದಾಟಿ ಬಂದಿದಾಳಲ್ಲಮ್ಮ!’

‘ಒಂದ್ಸಲ ಆಗಿದ್ದು ಆಗೋಯ್ತು. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಂದ್ಸಲ ಮಾಡೋಕ್ಕಾಗುತ್ತಾ? ಹೆರಿಗೆ ಆಗಿ ಬಾಣಂತನ ಮುಗಿಯೋವರ್ಗೂ ಇಲ್ಲೇ ಇರ್ಲಿ. ಹೆಣ್ಣುದಿಕ್ಕಿಲ್ಲ ಅಂತೀಯೇನು? ನಾನು ದಿನಾ ಬಂದು ಹೋಗ್ತೀನಿ. ನಾನೇನು ಬಸುರಿ ಅಲ್ವಲ್ಲ.’

ಅಪ್ಪನಿಗೆ ಏನಾಗುತ್ತಿದೆ ಎಂದು ಹೊಳೆಯಲಿಲ್ಲ. ಸೇತುವೆಯ ಲೆಕ್ಕ ಬರುವವರಿಗೆ ಇಂಥ ಲೆಕ್ಕ ಬರುವುದಿಲ್ಲ. ಚಿಕ್ಕಮ್ಮನ ಬಟ್ಟೆಬರೆ, ಚಿಕ್ಕಪ್ಪನಿಗೆ ಏನು ಹೇಳುವುದು, ಎಂದೆಲ್ಲ ತಡವರಿಸಿ, ಕೊನೆಗೆ ಜನ್ಮದಲ್ಲಿ ಆಡದ ಮಾತನ್ನು ಆಡಿಯೇಬಿಟ್ಟರು.

‘ಅಮ್ಮ, ನಿಜ ಹೇಳ್ಬೇಕು ಅಂದ್ರೆ ಅದು ಅಂಥಾ ನದಿ ಏನಲ್ಲ. ಈಗೀಗ ಅದು ಮೋರೀನೇ.’

‘ಬಿಡ್ತು ಅನ್ನು,’ ಎಂದು ಅಜ್ಜಿ ಗದರಿದರು. ‘ಬಸವಣ್ಣನ ಪಾದದಲ್ಲಿ ಹುಟ್ಟಿದ ತಾಯೀನ ಮೋರಿ ಅಂತೀಯಾ?’

ಹಾಸಿಗೆಗೆ ಒರಗಿದ್ದ ರಾಮಣ್ಣನವರು ಮಗಳ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ‘ನನ್ನ ಮಗಳು ಇಲ್ಲೇ ಇರ್ತಾಳಾ ತಾಯೀ?’ ಎಂದು ಮಕ್ಕಳ ಹಾಗೆ ಕೇಳಿದರು. ಅಷ್ಟು ದಿನ ಕಣ್ಣೀರು ತೋರಿಸದ ಚಿಕ್ಕಮ್ಮ ಅಲ್ಲಿಂದೆದ್ದು ಅಡಿಗೆಮನೆಗೆ ಹೋದಳು. ಒಳಗೆ ಅಕ್ಕಿಡಬ್ಬದ ಮುಚ್ಚಳ ತೆಗೆದ ಸದ್ದು, ಮೂಗೊರೆಸಿಕೊಂಡ ಸದ್ದು ಒಟ್ಟಿಗೆ ಕೇಳಿಸಿದವು.

ಅಜ್ಜಿ ಹೇಳಿದಂತೆಯೇ ದಿನವೂ ಸೇತುವೆ ದಾಟಿ ಹೋಗಿ ಬಂದರು. ಒಮ್ಮೆಯೂ ನಡುವೆ ನಿಲ್ಲಲಿಲ್ಲವಂತೆ. ನಿಂತರೆ ವಾಸನೆ ಎನ್ನುತ್ತಿದ್ದರು. ಹೆಣ್ಣು ಮಗು ಹುಟ್ಟಿತು. ಕೂಸಿನ ಮುಖ ನೋಡಿದ ದಿನ ರಾಮಣ್ಣನವರು ಉಬ್ಬಸವನ್ನು ಲೆಕ್ಕಿಸದೆ ಇಡೀ ಬೀದಿಗೆ ಸಕ್ಕರೆ ಹಂಚಿ ಬಂದರಂತೆ. ಬಾಣಂತನ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ಹೊರಡಲು ಬುತ್ತಿ ಕಟ್ಟುತ್ತಿದ್ದಾಗ ನಾಗರಾಜ ಸೈಕಲ್ಲನ್ನು ಗೇಟಿಗೆ ಒರಗಿಸಿ ಒಳಗೆ ಬಂದ. ಅವನ ಮುಖ ನೋಡಿಯೇ ನಮಗೆಲ್ಲ ತಿಳಿಯಿತು. ಅಪ್ಪ ಎದ್ದು ನಿಂತರು. ಅಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಯಾವಾಗ, ಹೇಗೆ ಎಂದು ಎಲ್ಲರೂ ಕೇಳುತ್ತಿದ್ದಾಗ ಅಜ್ಜಿ ಕೇಳಿದ್ದು ಒಂದೇ ಮಾತು.

‘ಶಾಂತಾ ಹತ್ರ ಇದ್ಲೇನೋ?’

‘ಇದ್ಲು ಅಮ್ಮ. ಕೈ ಹಿಡ್ಕೊಂಡೇ ಇದ್ಲು.’

‘ಸದ್ಯ,’ ಎಂದರು ಅಜ್ಜಿ. ಚಪ್ಪಲಿ ಮೆಟ್ಟಿಕೊಂಡು, ನಮಗಾಗಿ ಕಾಯದೆ, ಹೊರಟುಬಿಟ್ಟರು.